ಹೊಸ ವಸ್ತು ಹುಟ್ಟಿತಾ, ಇಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪಾಠದ ಸುತ್ತ ಇವೆ. ಭೌತ ಬದಲಾವಣೆ ಯಾವುದು, ರಾಸಾಯನಿಕ ಬದಲಾವಣೆ ಯಾವುದು ಅನ್ನುವ ಪಾಠ. ಮಳೆ ರಜೆಯಲ್ಲಿ ಮನೆಯಲ್ಲೇ ಕೂತ ಮಕ್ಕಳು ಬರೆದಿದ್ದಾರೆ, ಅವರಿಗೆ ಹೇಳಿಕೊಡಲು ಹೋಗಿ ತಾವೇ ಯೋಚನೆಗೆ ಬಿದ್ದ ಅಪ್ಪ ಅಮ್ಮಂದಿರು ಬರೆದಿದ್ದಾರೆ, ಶಿಕ್ಷಕರೂ ಬರೆದಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಪ್ರಯೋಗಗಳಿಗೆ ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಅಡುಗೆಮನೆ, ತೋಟದ ಗೋದಾಮು, ಪಕ್ಕದ ಬೀಡಾ ಅಂಗಡಿ, ಇಷ್ಟರಲ್ಲಿ ಎಲ್ಲ ಸಿಗುತ್ತದೆ.

ಪ್ರಶ್ನೆ: ಹಿಂದಕ್ಕೆ ತರಲು ಆದರೆ ಭೌತ ಬದಲಾವಣೆ, ಆಗದಿದ್ದರೆ ರಾಸಾಯನಿಕ ಬದಲಾವಣೆ ಅಂತ ತರಗತಿಯಲ್ಲಿ ಹೇಳಿಕೊಟ್ಟೆ. ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ಕಾಫಿ ಬೀಜ ಪುಡಿ ಮಾಡಿದ ಮೇಲೆ ವಾಪಸ್ ಬೀಜ ಮಾಡೋಕೆ ಆಗಲ್ಲ, ಹಾಗಾದ್ರೆ ಅದು ರಾಸಾಯನಿಕನಾ?" ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.
– ಶಿಕ್ಷಕಿ, ನಾಪೋಕ್ಲು

ಉತ್ತರ: ನಾಳೆ ಶಾಲೆಗೆ ಹೋದಾಗ ಮೊದಲು ಆ ಹುಡುಗನ ಬೆನ್ನು ತಟ್ಟಿ. ಅವನು ಹಿಡಿದದ್ದು ಪಾಠದ ನಿಜವಾದ ತೊಡಕನ್ನೇ. ಹಿಂದಕ್ಕೆ ಬರುತ್ತದಾ ಅನ್ನುವುದು ಸುಲಭವಾಗಿ ನೆನಪಿಡಲು ಹೇಳುವ ಮಾತು. ಅದನ್ನೇ ನಿಯಮ ಅಂತ ಹಿಡಿದರೆ ಎರಡೂ ಕಡೆಯಿಂದ ಎಡವುತ್ತೇವೆ.

ಪುಡಿಯಾದ ಕಾಫಿ ಕಾಫಿಯೇ. ಹರಿದ ಕಾಗದ ಕಾಗದವೇ. ಒಡೆದ ಹೆಂಚು ಹೆಂಚೇ. ಇವು ಯಾವುವೂ ಹಿಂದಕ್ಕೆ ಬರುವುದಿಲ್ಲ, ಆದರೂ ಎಲ್ಲವೂ ಭೌತ ಬದಲಾವಣೆ. ಇನ್ನು ಆ ಕಡೆಯಿಂದ ನೋಡಿ, ರಾಸಾಯನಿಕವಾಗಿದ್ದೂ ಸಲೀಸಾಗಿ ಹಿಂದಕ್ಕೆ ಬರುವವು ಇವೆ. ಇದನ್ನು ಬಾಯಲ್ಲಿ ಹೇಳಬೇಡಿ, ಮಾಡಿಯೇ ತೋರಿಸಿ.

ಅರಿಶಿನ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ ಬಿಳಿ ಕಾಗದದ ಮೇಲೆ ಸವರಿ ಒಣಗಿಸಿ. ಆ ಹಳದಿ ಕಾಗದದ ಮೇಲೆ ಬಟ್ಟೆ ಸೋಪಿನ ನೀರು ಹಾಕಿದರೆ ಕೆಂಪಾಗುತ್ತದೆ. ಅದೇ ಜಾಗಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಮತ್ತೆ ಸೋಪು, ಮತ್ತೆ ಕೆಂಪು. ಯೂನಿಫಾರ್ಮಿನ ಬಿಳಿ ಅಂಗಿ ಮೇಲೆ ಬಿದ್ದ ಸಾರಿನ ಕಲೆ ಒಗೆಯುವಾಗ ಯಾಕೆ ಕೆಂಪಾಗುತ್ತದೆ ಅಂತ ಅಮ್ಮಂದಿರನ್ನು ಕೇಳಿದ ಮಕ್ಕಳಿಗೆಲ್ಲ ಇಲ್ಲೇ ಉತ್ತರ ಸಿಗುತ್ತದೆ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಅನ್ನುವ ವಸ್ತು ಕ್ಷಾರ ತಾಗಿದಾಗ ತನ್ನ ಅಣುವಿನ ರಚನೆಯನ್ನೇ ಬದಲಿಸಿಕೊಳ್ಳುತ್ತದೆ, ಆಮ್ಲ ತಾಗಿದಾಗ ಹಳೆಯ ರೂಪಕ್ಕೆ ಮರಳುತ್ತದೆ. ರಾಸಾಯನಿಕ ಬದಲಾವಣೆ, ಆದರೆ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು.

ಇನ್ನೊಂದು ಇದಕ್ಕಿಂತ ಚೆಂದದ್ದು, ಆದರೆ ನೀವೇ ಮಾಡಬೇಕು, ಮಕ್ಕಳ ಕೈಗೆ ಕೊಡಬೇಡಿ. ನಮ್ಮ ತೋಟಗಳಲ್ಲಿ ಇದ್ದೇ ಇರುವ ಮೈಲುತುತ್ತದ (ತಾಮ್ರದ ಸಲ್ಫೇಟ್) ನಾಲ್ಕು ನೀಲಿ ಹರಳನ್ನು ಹಳೆಯ ಸ್ಟೀಲ್ ಚಮಚದಲ್ಲಿಟ್ಟು ಸಣ್ಣ ಉರಿಯಲ್ಲಿ ನಿಧಾನ ಕಾಯಿಸಿ. ಹರಳಿನೊಳಗೆ ಕಟ್ಟಿಕೊಂಡಿದ್ದ ನೀರು ಬಿಟ್ಟುಹೋಗುತ್ತದೆ, ನೀಲಿ ಅಳಿದು ಬಿಳಿ ಪುಡಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಎರಡು ಹನಿ ನೀರು ಬಿಡಿ. ನೀಲಿ ವಾಪಸ್! ಜೊತೆಗೆ ಚಮಚ ಸ್ವಲ್ಪ ಬಿಸಿಯೂ ಆಗುತ್ತದೆ. ಜಾಸ್ತಿ ಕಾಯಿಸಬಾರದು, ಕರಿದಾಗಿ ಕೆಟ್ಟ ಹೊಗೆ ಬರುತ್ತದೆ. ಆ ಚಮಚ ಮತ್ತೆ ಅಡುಗೆಮನೆಗೆ ಹೋಗಲೇಬಾರದು, ಮೈಲುತುತ್ತ ವಿಷ.

ಹಾಗಾದರೆ ಮಕ್ಕಳಿಗೆ ಏನು ಹೇಳಬೇಕು? ಒಂದೇ ಪ್ರಶ್ನೆ ಕೇಳಲು ಕಲಿಸಿ: ಮೊದಲು ಇಲ್ಲದ ಹೊಸ ವಸ್ತು ಇಲ್ಲಿ ಹುಟ್ಟಿತಾ? ಹುಟ್ಟಿದ್ದರೆ ರಾಸಾಯನಿಕ. ಅದೇ ವಸ್ತು ಆಕಾರವೋ ಸ್ಥಿತಿಯೋ ಬದಲಿಸಿಕೊಂಡು ಕೂತಿದ್ದರೆ ಭೌತ. ಬಣ್ಣ, ವಾಸನೆ, ಗುಳ್ಳೆ, ಬಿಸಿ, ತಳಕ್ಕೆ ಕೂತ ಬಗ್ಗಡ ಇವೆಲ್ಲ ಸುಳಿವುಗಳು ಮಾತ್ರ. ಸುಳಿವು ಸಿಕ್ಕಿದ ಕೂಡಲೇ ತೀರ್ಪು ಕೊಡಬಾರದು, ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಪ್ರಶ್ನೆ: ಮಗಳು ಏಳನೇ ತರಗತಿ. ಕಾಫಿ ಗಿಡದಿಂದ ಲೋಟಕ್ಕೆ ಬರುವ ತನಕ ಎಷ್ಟು ರಾಸಾಯನಿಕ ಬದಲಾವಣೆ ಆಗುತ್ತದೆ ಅಂತ ಕೇಳಿದಳು. ಮೂವತ್ತು ವರ್ಷದಿಂದ ತೋಟ ಮಾಡುತ್ತಿದ್ದೇನೆ, ನನಗೇ ಗೊತ್ತಿಲ್ಲ.
– ಕಾಫಿ ಬೆಳೆಗಾರ, ಸಿದ್ದಾಪುರ

ಉತ್ತರ: ನಿಮಗೆ ಗೊತ್ತಿದೆ, ಹೆಸರಿಟ್ಟಿಲ್ಲ ಅಷ್ಟೇ. ಮಗಳನ್ನು ಕರೆದುಕೊಂಡು ಕಣಕ್ಕೆ ನಡೆಯಿರಿ.

ಕಾಯಿ ಹಣ್ಣಾಗುವುದು ರಾಸಾಯನಿಕ. ಹಸಿರು ಹೋಗಿ ಕೆಂಪು ಬಂತು, ತಿರುಳಿಗೆ ಸಿಹಿ ಬಂತು. ಹಣ್ಣು ಕೀಳುವುದು, ಪಲ್ಪರ್‌ಗೆ ಹಾಕಿ ಸಿಪ್ಪೆ ಬೇರೆ ಮಾಡುವುದು ಭೌತ. ಆಮೇಲೆ ಬೀಜಕ್ಕೆ ಅಂಟಿದ ಲೋಳೆ ಬಿಡಲಿ ಅಂತ ತೊಟ್ಟಿಯಲ್ಲಿ ಬಿಡುತ್ತೀರಲ್ಲ, ಆಗ ಹುಳಿ ವಾಸನೆ ಬರುತ್ತದಲ್ವಾ? ಕಣ್ಣಿಗೆ ಕಾಣದ ಜೀವಿಗಳು ಲೋಳೆಯನ್ನು ಒಡೆದು ಬೇರೆ ವಸ್ತು ಮಾಡುತ್ತಿರುವ ಗುರುತು ಅದು. ರಾಸಾಯನಿಕ. ತೊಳೆದು ಕಣದಲ್ಲಿ ಹರಡಿ ಪಾರ್ಚ್‌ಮೆಂಟ್ (ತೆಳು ಹೊಟ್ಟು ಇನ್ನೂ ಇರುವ ಬೀಜ) ಒಣಗಿಸುವಾಗ ಮುಖ್ಯವಾಗಿ ನೀರು ಹೋಗುತ್ತದೆ, ಅದು ಭೌತ. ಹಣ್ಣನ್ನು ಹಾಗೇ ಚೆರ್ರಿ ಒಣಗಿಸಿದರೆ ನೀರು ಹೋಗುವುದರ ಜೊತೆಗೆ ಸಿಪ್ಪೆ ಕಪ್ಪಾಗುತ್ತದೆ, ಅಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ.

ನಿಜವಾದ ಹಬ್ಬ ಇರುವುದು ಹುರಿಯುವಾಗ. ಹಸಿರು ಬೀಜ ಮೂಸಿ ನೋಡಿ, ಒಣ ಹುಲ್ಲಿನ ಹಾಗೆ ಇರುತ್ತದೆ, ಕಾಫಿ ವಾಸನೆ ಅದರಲ್ಲಿ ಇಲ್ಲವೇ ಇಲ್ಲ. ಆ ವಾಸನೆ ಬಾಣಲೆಯಲ್ಲಿ ಹುಟ್ಟುವುದು. ಬೀಜದೊಳಗಿನ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಬಿಸಿಗೆ ಕೂಡಿ ನೂರಾರು ಹೊಸ ವಸ್ತುಗಳಾಗುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ ಎಂಬ ವಿಜ್ಞಾನಿ 1912ರಲ್ಲಿ ಈ ಕ್ರಿಯೆಯ ಬಗ್ಗೆ ಬರೆದರು, ಇವತ್ತಿಗೂ ಅದಕ್ಕೆ ಅವರದೇ ಹೆಸರು. ಅಕ್ಕಿ ರೊಟ್ಟಿ ಮೇಲೆ ಕೆಂಡದ ಕಂದು ಚುಕ್ಕೆ ಬಿದ್ದಾಗ ಬರುವ ಘಮದಲ್ಲೂ ಇದೇ ಕ್ರಿಯೆಯ ಪಾಲಿದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೀಜ ಚಟಪಟ ಅನ್ನುತ್ತದೆ. ಆ ಸದ್ದು ಒಳಗೆ ಸೇರಿದ ಆವಿ ಮತ್ತು ಅನಿಲ ಬೀಜವನ್ನು ಸೀಳುವುದರಿಂದ ಬರುತ್ತದೆ, ಸೀಳುವುದು ಭೌತ. ನೋಡಿ, ಒಂದರ ಹೊಟ್ಟೆಯಲ್ಲಿ ಇನ್ನೊಂದು.

ಮಗಳ ಕೈಯಲ್ಲಿ ತೂಕ ಹಾಕಿಸಿ. 100 ಗ್ರಾಂ ಹಸಿರು ಬೀಜ ಹುರಿದ ಮೇಲೆ ಸುಮಾರು 80ರಿಂದ 88 ಗ್ರಾಂ ಆಗಿರುತ್ತದೆ. ಕಡಿಮೆಯಾದದ್ದರಲ್ಲಿ ಹೆಚ್ಚಿನ ಪಾಲು ನೀರಾವಿ, ಉಳಿದದ್ದು ಹುರಿಯುವಾಗ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮುಂತಾದ ಅನಿಲ. ತೂಕ ಕಳೆದುಹೋಗಲಿಲ್ಲ, ಗಾಳಿಗೆ ಸೇರಿತು. ಇದನ್ನು ಒತ್ತಿ ಹೇಳಿ. ಮಕ್ಕಳಿಗೆ ಮುಂದೆ ಬರುವ ರಾಶಿ ಸಂರಕ್ಷಣೆಯ ಪಾಠ ಇಲ್ಲಿಂದಲೇ ಶುರು.

ಪುಡಿ ಮಾಡುವುದು ಭೌತ, ಡಿಕಾಕ್ಷನ್ ಇಳಿಸುವುದು ಭೌತ, ಬೆಲ್ಲ ಕರಗಿಸುವುದೂ ಭೌತ. ಹಾಗಾದರೆ ಲೆಕ್ಕ ಎಷ್ಟಾಯಿತು ಅಂತ ಮಗಳು ಕೇಳಿದರೆ ಸಂಖ್ಯೆ ಹೇಳಲು ಹೋಗಬೇಡಿ. ಹಂತಗಳಾಗಿ ನೋಡಿದರೆ ಹಣ್ಣಾಗುವುದು, ಲೋಳೆ ಕೊಳೆಯುವುದು, ಹುರಿಯುವುದು, ಈ ಮೂರು ದೊಡ್ಡವು. ಹುರಿಯುವ ಹಂತ ಒಂದರಲ್ಲೇ ನೂರಾರು ಕ್ರಿಯೆಗಳು.

ತರಗತಿಯಲ್ಲಿ ಇದನ್ನೇ ಸಕ್ಕರೆಯಲ್ಲಿ ತೋರಿಸಬಹುದು. ಒಂದು ಚಮಚ ಸಕ್ಕರೆ ನೀರಲ್ಲಿ ಕರಗಿಸಿ, ತಟ್ಟೆಯಲ್ಲಿ ಬಿಟ್ಟರೆ ನೀರು ಆರಿ ಸಕ್ಕರೆ ಸಿಗುತ್ತದೆ. ಇನ್ನೊಂದು ಚಮಚ ಒಣ ಸಕ್ಕರೆಯನ್ನು ಬಾಣಲೆಯಲ್ಲಿ ಕಾಯಿಸಿ. ಕರಗುತ್ತದೆ, ಕಂದಾಗುತ್ತದೆ, ಕೊನೆಗೆ ಕರಿಯಾಗುತ್ತದೆ. ಕಂದಾಗುವ ಹೊತ್ತಿಗೆ ಮೇಲೆ ತಣ್ಣಗಿನ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ನೋಡಿ, ನೀರಿನ ಹನಿ ಕೂರುತ್ತದೆ. ಒಣ ಸಕ್ಕರೆಯಿಂದ ನೀರು ಎಲ್ಲಿಂದ ಬಂತು? ಸಕ್ಕರೆಯ ಅಣು ಒಡೆದು ಬಂತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾ?

ಪ್ರಶ್ನೆ: ಗುಳ್ಳೆ ಬಂದರೆ ರಾಸಾಯನಿಕ ಬದಲಾವಣೆ ಅಂತ ನೋಟ್ಸಿನಲ್ಲಿ ಬರೆದಿದ್ದೇವೆ. ಸೋಡಾ ಬಾಟಲಿ ತೆಗೆದಾಗಲೂ ಗುಳ್ಳೆ ಬರುತ್ತದೆ. ಅದೂ ರಾಸಾಯನಿಕವೇ?
– ಏಳನೇ ತರಗತಿ ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ಅಲ್ಲ ಪುಟ್ಟಿ. ಸೋಡಾದಲ್ಲಿ ಗ್ಯಾಸನ್ನು ಒತ್ತಿ ಕರಗಿಸಿ ಮುಚ್ಚಳ ಹಾಕಿರುತ್ತಾರೆ. ಮುಚ್ಚಳ ತೆಗೆದರೆ ಒತ್ತಡ ಇಳಿಯುತ್ತದೆ, ಕರಗಿದ್ದ ಗ್ಯಾಸು ಹೊರಗೆ ಬರುತ್ತದೆ. ಒಳಗೆ ಇದ್ದದ್ದೇ ಹೊರಗೆ ಬಂತು. ಕುದಿಯುವ ನೀರಿನ ಗುಳ್ಳೆಯೂ ಹಾಗೇ, ಅದರಲ್ಲಿ ಇರುವುದು ನೀರಿನ ಆವಿ.

ಈಗ ಮನೆಯಲ್ಲಿ ಇದನ್ನು ಮಾಡು, ಅಮ್ಮ ಜೊತೆಗಿರಲಿ. ಬೀಡಾ ಅಂಗಡಿಯ ಸುಣ್ಣ ಒಂದು ಚಮಚ ಒಂದು ಬಾಟಲಿ ನೀರಿಗೆ ಹಾಕಿ ಅಲ್ಲಾಡಿಸಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ಮೇಲಿನ ತಿಳಿನೀರನ್ನು ಮಾತ್ರ ಮೆಲ್ಲಗೆ ಬಗ್ಗಿಸಿಕೋ. ಕಣ್ಣಿಗೆ ಸಿಡಿಯದ ಹಾಗೆ ಜಾಗ್ರತೆ. ಆಮೇಲೆ ಒಂದು ಎತ್ತರದ ಲೋಟದಲ್ಲಿ ಅರ್ಧ ಚಮಚ ಅಡುಗೆ ಸೋಡಾ ಹಾಕಿ ನಿಂಬೆರಸ ಹಿಂಡು. ಮನೆಯಲ್ಲಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಇದ್ದರೆ ಅದನ್ನೇ ಕಾಲು ಚಮಚ ಹಾಕಿ ನೋಡು, ಅದೂ ಆಮ್ಲವೇ, ಕಂದು ನೊರೆ ಉಕ್ಕಿ ಬರುತ್ತದೆ. (ಬೆಲೆ ಜಾಸ್ತಿ, ಅಜ್ಜಿಯನ್ನು ಕೇಳಿಯೇ ತೆಗೆದುಕೋ.) ಲೋಟದಲ್ಲಿ ತುಂಬಿದ ಗ್ಯಾಸು ಗಾಳಿಗಿಂತ ಭಾರ. ದ್ರವ ಚೆಲ್ಲದ ಹಾಗೆ ಲೋಟವನ್ನು ಬಾಗಿಸಿ ಆ ಗ್ಯಾಸನ್ನು ಮಾತ್ರ ತಿಳಿನೀರಿದ್ದ ಇನ್ನೊಂದು ಲೋಟಕ್ಕೆ ಸುರಿದು ಅಲ್ಲಾಡಿಸು. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕಾರ್ಬನ್ ಡೈಆಕ್ಸೈಡು ಸುಣ್ಣದ ಜೊತೆ ಕೂಡಿ ನೀರಲ್ಲಿ ಕರಗದ ಹೊಸ ವಸ್ತು ಆಯಿತು.

ಈಗ ಗಮನವಿಟ್ಟು ಓದು. ಸೋಡಾ ಬಾಟಲಿಯ ಗ್ಯಾಸನ್ನು ಬಿಟ್ಟರೂ ತಿಳಿನೀರು ಬೆಳ್ಳಗಾಗುತ್ತದೆ! ಅದೂ ಅದೇ ಗ್ಯಾಸು. ವ್ಯತ್ಯಾಸ ಎಲ್ಲಿದೆ ಅಂದರೆ, ಸೋಡಾದಲ್ಲಿ ಆ ಗ್ಯಾಸು ಮೊದಲೇ ಇತ್ತು, ನಿಂಬೆರಸ ಮತ್ತು ಅಡುಗೆ ಸೋಡಾದಲ್ಲಿ ಈಗಷ್ಟೇ ಹುಟ್ಟಿತು. ಆದ್ದರಿಂದ ಗುಳ್ಳೆ ಕಂಡಾಗ ಎರಡು ಪ್ರಶ್ನೆ ಕೇಳಬೇಕು. ಇದು ಯಾವ ಗ್ಯಾಸು? ಇದು ಮೊದಲೇ ಇತ್ತಾ? ಹೊಸದಾಗಿ ಹುರಿದ ಕಾಫಿ ಪುಡಿಗೆ ಬಿಸಿನೀರು ಹಾಕಿದಾಗ ಉಬ್ಬಿ ನೊರೆ ಬರುತ್ತದಲ್ಲ, ಅದು ಹುರಿಯುವಾಗ ಹುಟ್ಟಿ ಬೀಜದೊಳಗೆ ಸಿಕ್ಕಿಕೊಂಡಿದ್ದ ಗ್ಯಾಸು. ಹುಟ್ಟಿದ್ದು ರಾಸಾಯನಿಕ, ಈಗ ಹೊರಬರುವುದು ಭೌತ.

ಬಿಸಿ ತಣ್ಣಗೆಯೂ ಹೀಗೇ ಮೋಸ ಮಾಡುತ್ತದೆ. ಒಂದು ಹಿಡಿ ಯೂರಿಯಾ ಗೊಬ್ಬರವನ್ನು ಪ್ಲಾಸ್ಟಿಕ್ ಮಗ್ಗಿನ ನೀರಿಗೆ ಹಾಕಿದರೆ ಮಗ್ಗು ತಣ್ಣಗಾಗುತ್ತದೆ. ಹೊಸ ವಸ್ತು ಏನೂ ಆಗಿಲ್ಲ, ಯೂರಿಯಾ ಸುಮ್ನೆ ಕರಗಿದೆ.

ಪ್ರಶ್ನೆ: ನಮ್ಮ ತೋಟದಲ್ಲಿ ಬೋರ್ಡೋ (ಗಿಡದ ರೋಗಕ್ಕೆ ಸಿಂಪಡಿಸುವ ಔಷಧಿ) ಕಲಸಿದ ಮೇಲೆ ಹಳೆಯ ಆಳು ಒಬ್ಬರು ಕತ್ತಿ ಅದ್ದಿ ನೋಡುತ್ತಾರೆ. ಇದಕ್ಕೆ ವಿಜ್ಞಾನ ಇದೆಯಾ?
– ಕರಿಮೆಣಸು ಬೆಳೆಗಾರ, ಮಾದಾಪುರ

ಉತ್ತರ: ಇದೆ, ಅದೂ ಪಠ್ಯಪುಸ್ತಕದಲ್ಲೇ ಇರುವ ವಿಜ್ಞಾನ. ಈ ಪತ್ರ ಓದಿ ನನಗೆ ತುಂಬ ಸಂತೋಷವಾಯಿತು. ಮೈಲುತುತ್ತದ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿ ಅರ್ಧ ಗಂಟೆ ಬಿಡುವ ಪ್ರಯೋಗವನ್ನು ಮಕ್ಕಳು ಶಾಲೆಯಲ್ಲಿ ಮಾಡುತ್ತಾರೆ. ಮೊಳೆಯ ಮೇಲೆ ಕೆಂಪು ಕಂದು ಪದರ ಕೂರುತ್ತದೆ, ನೀಲಿ ದ್ರಾವಣ ಮೆಲ್ಲಗೆ ಹಸಿರಿಗೆ ತಿರುಗುತ್ತದೆ. ಕಬ್ಬಿಣ ದ್ರಾವಣಕ್ಕೆ ಇಳಿಯಿತು, ಅಲ್ಲಿದ್ದ ತಾಮ್ರ ಹೊರಗೆ ಬಂದು ಮೊಳೆಗೆ ಅಂಟಿತು.

ಬೋರ್ಡೋದಲ್ಲಿ ಏನಾಗುತ್ತದೆ ನೋಡಿ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯುತ್ತಾ ಕಲಸುತ್ತೀರಿ. ತಕ್ಷಣ ಆಕಾಶದ ಬಣ್ಣದ ಮೊಸರಿನಂಥ ಬಗ್ಗಡ ಆಗುತ್ತದೆ. ಅದೇ ಹೊಸ ವಸ್ತು. ಸುಣ್ಣ ಸಾಲದಿದ್ದರೆ ಸ್ವಲ್ಪ ತಾಮ್ರ ಕರಗಿದ ರೂಪದಲ್ಲೇ ಉಳಿದಿರುತ್ತದೆ, ಅದು ಎಲೆಯನ್ನು ಸುಡುತ್ತದೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿದಾಗ ಕೆಂಪು ಪದರ ಬಂದರೆ ಹಾಗೆ ಉಳಿದ ತಾಮ್ರ ಇದೆ ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಬೇಕು. ಏನೂ ಬರದಿದ್ದರೆ ಸಿಂಪಡಿಸಬಹುದು. ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಅನ್ನುವುದೂ ಇದೇ ಕಾರಣಕ್ಕೆ.

ಈ ಮಿಶ್ರಣ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಂದ ಬಂದದ್ದು. ಮಿಯಾರ್ಡೆ ಅನ್ನುವ ಸಸ್ಯವಿಜ್ಞಾನಿ 1885ರಲ್ಲಿ ಇದನ್ನು ಪ್ರಕಟಿಸಿದರು. ನಿಮ್ಮ ಆ ಹಿರಿಯರನ್ನು ಒಂದು ದಿನ ಊರಿನ ಶಾಲೆಗೆ ಕರೆದುಕೊಂಡು ಹೋಗಿ. ಮಕ್ಕಳ ಮುಂದೆ ಕತ್ತಿ ಅದ್ದಿ ತೋರಿಸಲಿ. ನಾವು ಕಪ್ಪು ಹಲಗೆ ಮೇಲೆ ಬರೆದು ಕಲಿಸುವುದಕ್ಕಿಂತ ಅದು ಎಷ್ಟೋ ಪಾಲು ಚೆನ್ನಾಗಿ ತಲೆಗೆ ಹೋಗುತ್ತದೆ. ಉಳಿದ ದ್ರಾವಣವನ್ನು ಮಾತ್ರ ತೋಡಿಗೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ.

ಪ್ರಶ್ನೆ: ಕರಿಮೆಣಸು ಒಣಗಿ ಕಪ್ಪಾಗುವುದು ಭೌತವೋ ರಾಸಾಯನಿಕವೋ?
– ಓದುಗರು, ಸೋಮವಾರಪೇಟೆ

ಉತ್ತರ: ಒಣಗುವುದು ಭೌತ, ಕಪ್ಪಾಗುವುದು ರಾಸಾಯನಿಕ. ಹಸಿರು ಸಿಪ್ಪೆಯೊಳಗಿನ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಪ್ಪು ಬಣ್ಣ ಮಾಡುತ್ತದೆ. ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದೂ ಇದೇ ಜಾತಿಯ ಕ್ರಿಯೆ. ಒಂದು ನಿಮಿಷ ಬಿಸಿನೀರಲ್ಲಿ ಅದ್ದಿ ತೆಗೆದ ಮೆಣಸು ಬೇಗ, ಒಂದೇ ಸಮನೆ ಕಪ್ಪಾಗುವುದನ್ನು ನೀವು ನೋಡಿರುತ್ತೀರಿ.

ಪ್ರಶ್ನೆ: ಮಗನಿಗೆ ತುಕ್ಕಿನ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಖರ್ಚಿಲ್ಲದೆ ಮಾಡಲು ಏನಾದರೂ ಹೇಳಿ ಮೇಡಂ.
– ಗೃಹಿಣಿ, ಸುಂಟಿಕೊಪ್ಪ

ಉತ್ತರ: ನಮ್ಮ ಮಳೆಗಾಲದಲ್ಲಿ ತುಕ್ಕಿಗೆ ಬರವೇ ಇಲ್ಲ, ಗೇಟು, ಶೀಟು, ಸೈಕಲ್ ಚೈನು ಎಲ್ಲ ಪ್ರಾಜೆಕ್ಟೇ. ಮೂರು ಗಾಜಿನ ಬಾಟಲಿ, ಆರು ಹೊಸ ಮೊಳೆ ಸಾಕು. ಮೊಳೆಗೆ ಸತುವಿನ ಲೇಪ ಇರಬಾರದು, ಅಂಗಡಿಯಲ್ಲಿ ಕೇಳಿ ತನ್ನಿ. ಮೊದಲ ಬಾಟಲಿಯಲ್ಲಿ ಮೊಳೆ ಅರ್ಧ ಮುಳುಗುವಷ್ಟು ನೀರು, ಮುಚ್ಚಳ ಬೇಡ. ಎರಡನೆಯದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ನೀರು ತುಂಬಿ ಮೇಲೆ ಅಡುಗೆ ಎಣ್ಣೆಯ ಪದರ. ಕುದಿಸಿದಾಗ ನೀರಲ್ಲಿ ಕರಗಿದ ಗಾಳಿ ಹೋಗಿರುತ್ತದೆ, ಎಣ್ಣೆ ಮತ್ತೆ ಗಾಳಿ ಸೇರಲು ಬಿಡುವುದಿಲ್ಲ. ಮೂರನೆಯದರಲ್ಲಿ ಒಣ ಮೊಳೆ, ಜೊತೆಗೆ ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ, ಬಿಗಿಯಾದ ಮುಚ್ಚಳ. ಒಂದು ವಾರ ದಿನವೂ ನೋಡಿ ಬರೆದಿಡಲಿ. ಮೊದಲನೆಯದಕ್ಕೆ ಮಾತ್ರ ಚೆನ್ನಾಗಿ ತುಕ್ಕು ಹಿಡಿದಿರುತ್ತದೆ. ನೀರು ಮಾತ್ರ ಸಾಲದು, ಗಾಳಿ ಮಾತ್ರ ಸಾಲದು, ಎರಡೂ ಬೇಕು ಅಂತ ಮಗನೇ ಕಂಡುಕೊಳ್ಳುತ್ತಾನೆ. ನೀವು ಮೊದಲೇ ಹೇಳಬೇಡಿ.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಕೋವಿಯನ್ನು ಒರೆಸಿ ಎಣ್ಣೆ ಹಚ್ಚಿ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಇಡುವುದನ್ನು ಅವನು ನೋಡಿದ್ದರೆ ಎರಡನೇ ಬಾಟಲಿಯ ಎಣ್ಣೆ ಯಾಕೆ ಅಂತ ಬೇಗ ಹೊಳೆಯುತ್ತದೆ. ನಮ್ಮ ಕೆಂಪು ಮಣ್ಣಿನ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ ಅಂತಲೂ ಪ್ರಾಜೆಕ್ಟಿನಲ್ಲಿ ಸೇರಿಸಲಿ.

ಪ್ರಶ್ನೆ: ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಅಂತ ಓದಿದ್ದೇವೆ. ಶಾಲೆಯಲ್ಲಿ ಥರ್ಮಾಮೀಟರ್ 96 ತೋರಿಸಿತು. ಕೆಟ್ಟಿದೆಯಾ?
– ಎಂಟನೇ ತರಗತಿ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಕೆಟ್ಟಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು 1 ಡಿಗ್ರಿಯಷ್ಟು ಇಳಿಯುತ್ತದೆ. ನೀವು ಅಳೆದದ್ದು ಸರಿ, 96 ಅಂತಲೇ ಬರೆಯಿರಿ. ಪುಸ್ತಕದಲ್ಲಿ 100 ಇದೆ ಅಂತ ತಿದ್ದಬೇಡಿ.

ಪ್ರಶ್ನೆ: ಮೊಟ್ಟೆ ಬೇಯಿಸುವುದು, ಉಪ್ಪು ಕರಗಿಸುವುದು ಯಾವ ಗುಂಪಿಗೆ? ಶಿಕ್ಷಕರಲ್ಲೇ ಜಗಳ ಬಂದಿದೆ.
– ಶಿಕ್ಷಕರು, ವಿರಾಜಪೇಟೆ

ಉತ್ತರ: ಜಗಳ ಬರುವುದು ಸರಿಯೇ, ಇವು ಗಡಿಯಲ್ಲಿ ನಿಂತವು. ಪ್ರಕೃತಿಯಲ್ಲಿ ಎರಡು ಡಬ್ಬಿ ಇಲ್ಲ, ಡಬ್ಬಿ ಮಾಡಿದ್ದು ನಾವು. ಬೆಂದ ಮೊಟ್ಟೆಯಲ್ಲಿ ಪ್ರೋಟೀನಿನ ಸುರುಳಿ ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಶಾಲೆಯ ಮಟ್ಟದಲ್ಲಿ ರಾಸಾಯನಿಕ ಅನ್ನಿ. ಉಪ್ಪು ಕರಗಿದಾಗ ಅದರ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಬೇರೆಯಾಗುತ್ತವೆ, ಆದರೂ ನೀರು ಆರಿದರೆ ಅದೇ ಉಪ್ಪು, ಭೌತ ಅನ್ನಿ. ಮಗು ಬೇರೆ ಉತ್ತರ ಬರೆದು ಅದಕ್ಕೆ ಒಳ್ಳೆಯ ಕಾರಣ ಕೊಟ್ಟಿದ್ದರೆ ದಯವಿಟ್ಟು ಅಂಕ ಕೊಡಿ.

ಪ್ರಶ್ನೆ: ಮೋಂಬತ್ತಿ ಉರಿದು ಮುಗಿದ ಮೇಲೆ ಮೇಣ ಎಲ್ಲಿಗೆ ಹೋಗುತ್ತೆ?
– ಐದನೇ ತರಗತಿ ಹುಡುಗ, ಭಾಗಮಂಡಲ

ಉತ್ತರ: ನಿನ್ನ ಊರಿನಲ್ಲಿ ಮಳೆಗೆ ಕರೆಂಟ್ ಹೋಗಿ ಮೋಂಬತ್ತಿ ಹಚ್ಚುವುದು ಮಾಮೂಲು, ಅಲ್ವಾ? ಇವತ್ತು ರಾತ್ರಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡು. ಬತ್ತಿಯ ಬುಡದಲ್ಲಿ ಮೇಣ ಕರಗಿ ಕೊಳದ ಹಾಗೆ ನಿಂತಿರುತ್ತದೆ. ಅದು ಬತ್ತಿ ಹಿಡಿದು ಮೇಲೇರಿ ಆವಿಯಾಗುತ್ತದೆ. ಇಷ್ಟರ ತನಕ ಭೌತ. ಆ ಆವಿ ಗಾಳಿಯ ಆಮ್ಲಜನಕ ಸೇರಿ ಉರಿಯುತ್ತದೆ, ಅದು ರಾಸಾಯನಿಕ. ಆಗ ಹುಟ್ಟುವುದು ನೀರಿನ ಆವಿ ಮತ್ತು ಕಾರ್ಬನ್ ಡೈಆಕ್ಸೈಡು. ತಣ್ಣಗಿನ ಗಾಜಿನ ಲೋಟವನ್ನು ಜ್ವಾಲೆಯಿಂದ ಸ್ವಲ್ಪ ಮೇಲೆ ಬೋರಲಾಗಿ ಒಂದು ಗಳಿಗೆ ಹಿಡಿದರೆ ಒಳಗೆ ಮಂಜು ಕೂತ ಹಾಗೆ ಮಸುಕಾಗುತ್ತದೆ. ಅದೇ ಆ ನೀರು. ಮೇಣ ಅಲ್ಲಿಗೇ ಹೋದದ್ದು.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಅನ್ನುವ ದೊಡ್ಡ ವಿಜ್ಞಾನಿ 1860ರ ಕ್ರಿಸ್ಮಸ್ ಸಮಯದಲ್ಲಿ ನಿನ್ನಂಥ ಮಕ್ಕಳನ್ನು ಕೂರಿಸಿಕೊಂಡು ಮೋಂಬತ್ತಿ ಒಂದರ ಮೇಲೇ ಆರು ಉಪನ್ಯಾಸಗಳ ಸಾಲು ಶುರು ಮಾಡಿದರು. ಈಗ ಇನ್ನೊಂದು ಮಾಡು. ಅಪ್ಪ ಕಡ್ಡಿ ಗೀರಿ ಹಿಡಿದಿರಲಿ. ನೀನು ಮೋಂಬತ್ತಿಯನ್ನು ಮೆಲ್ಲಗೆ ಊದಿ ಆರಿಸು. ಬತ್ತಿಯಿಂದ ಬಿಳಿ ಹೊಗೆ ಎಳೆಯಾಗಿ ಮೇಲೇಳುತ್ತದೆ. ಬತ್ತಿಗೆ ತಾಗಿಸದೆ, ಒಂದು ಬೆರಳಿನಷ್ಟು ಮೇಲೆ, ಆ ಹೊಗೆಗೆ ಅಪ್ಪ ಕಡ್ಡಿ ಹಿಡಿಯಲಿ. ಬೆಂಕಿ ಹೊಗೆಯ ದಾರಿಯಲ್ಲೇ ಇಳಿದು ಬಂದು ಬತ್ತಿಯನ್ನು ಹೊತ್ತಿಸುತ್ತದೆ. ಆ ಬಿಳಿ ಹೊಗೆ ಏನು ಅಂತ ನಿನಗೆ ಅನಿಸುತ್ತದೆ? ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.